ಊರಲ್ಲಿ ಕೂತು ಮುಂಬಯಿ ನೌಕರಿ

ಮನೆಯಿಂದಲೇ ಕೆಲಸ ಮಾಡಬಹುದು ಅಂತ ನಮ್ಮ ಫೋರ್ಟ್ ಆಫೀಸಿನವರು ಹೇಳಿದ್ದೇ ತಡ, ಅರ್ಧ ಜನಕ್ಕೆ ಮುಂಬಯಿಯ ಗಾಳಿ ಒಮ್ಮೆಲೇ ಆಗದೇ ಹೋಯಿತು. ಅಂದಿನಿಂದ ನನಗೆ ನಗಲಿಕ್ಕೇ ಪುರುಸೊತ್ತಿಲ್ಲ.

ನಿಂತಲ್ಲೇ ಆಫೀಸು

ಮೊದಲು ಹೊರಟವನು ನನ್ನ ಪಕ್ಕದ ಮೇಜಿನವನು. ಲೋಕಲ್ ರೈಲಿನಲ್ಲಿ ನಿಂತು ನಿಂತು ಸೊಂಟ ಬಿತ್ತೆಂದು ಕುಂದಾಪುರದ ಕಡೆಯ ತನ್ನೂರು ಸೇರಿದ. ಅಲ್ಲಿ ಮನೆಯೊಳಗೆ ನೆಟ್‌ವರ್ಕ್ ಇಲ್ಲ. ಸಿಗುವುದು ಬಸ್‌ಸ್ಟಾಪಿನಲ್ಲಿ, ಅದೂ ಎದ್ದು ನಿಂತರೆ ಮಾತ್ರ. ಒಂದು ದಿನ ದೊಡ್ಡ ಗಿರಾಕಿಯ ಜೊತೆ ವಿಡಿಯೋ ಮೀಟಿಂಗ್. ಇವನು ಗಂಭೀರವಾಗಿ ಮಾತಾಡುತ್ತಿದ್ದಾಗ ಬಸ್ ಬಂತು. ಕಂಡಕ್ಟರ್ ಬಾಗಿಲಲ್ಲಿ ಬಗ್ಗಿ ಕೇಳಿದ:

“ದಿನಾ ಬಂದು ನಿಲ್ತೀರಿ, ಹತ್ತೂದು ಮಾತ್ರ ಇಲ್ಲ. ಮನೇಲಿ ಏನಾದ್ರೂ ತೊಂದ್ರೆಯಾ ಮಾರಾಯ್ರೆ?”

ಪ್ರಶಾಂತ ವಾತಾವರಣ

ವಿಲೆ ಪಾರ್ಲೆಯಲ್ಲಿದ್ದ ನಮ್ಮ ಆಫೀಸಿನ ಮೇಡಂ ಒಬ್ಬರಿಗೆ ತಲೆಯ ಮೇಲಿನ ವಿಮಾನದ ಸದ್ದು ಸಾಕಾಗಿತ್ತು. ಶಾಂತಿ ಬೇಕೆಂದು ಕಡಲತೀರದ ಸಣ್ಣ ಪೇಟೆಗೆ ಹೋದರು. ಶಾಂತಿ ಸಿಕ್ಕಿತು, ಮೀನು ಮಾರುವ ರಿಕ್ಷಾ ಬರುವವರೆಗೆ. ಮೀಟಿಂಗ್ ನಡುವೆ ಅದರ ಹಾರ್ನ್ ನಿಲ್ಲಲೇ ಇಲ್ಲ.

“ಏನದು ಗಲಾಟೆ?” ಅಂತ ನಮ್ಮ ಮರಾಠಿ ಸಾಹೇಬರು ಗುಡುಗಿದರು.

“ಬಾಂಗಡಾ ಸರ್,” ಅಂದರು ಮೇಡಂ ಮೆಲ್ಲಗೆ. ಸಾಹೇಬರು ಕ್ಯಾಮೆರಾದ ಹತ್ತಿರ ಮುಖ ತಂದರು.

“ಸುಮ್ಮನೆ ಕೂತಿದ್ದೀರಲ್ಲ! ಫೋನ್ ಆ ಕಡೆ ಹಿಡೀರಿ, ಮೀನು ತಾಜಾ ಇದೆಯಾ, ಕಿವಿರು ಕೆಂಪಗಿದೆಯಾ ನೋಡೋಣ.”

ಅಳಿಯನ ಗತಿ

ಇಷ್ಟೆಲ್ಲ ನೋಡಿಯೂ ನನಗೆ ಆಸೆ ಹುಟ್ಟಿತು. ಬುದ್ಧಿ ಹಾಗೇ ಅಲ್ಲವೇ! ಆಂಟಾಪ್ ಹಿಲ್‌ನ ನಮ್ಮ ಒಂದೇ ಕೋಣೆಯ ಮನೆಗೆ ಬೀಗ ಹಾಕಿ, ಹೆಂಡತಿಯ ಜೊತೆ ಕಾರ್ಕಳದ ಮಾವನ ಮನೆಗೆ ಹೋದೆ. ಮೇಲೆ ಇಸ್ತ್ರಿ ಶರ್ಟು, ಕೆಳಗೆ ಲುಂಗಿ, ಎದುರಿಗೆ ಲ್ಯಾಪ್‌ಟಾಪ್. ಸ್ವರ್ಗ!

ವಾರ ಕಳೆಯುವಷ್ಟರಲ್ಲಿ ಓಣಿಯವರೆಲ್ಲ ನನ್ನನ್ನು ಕಂಡರೆ ದನಿ ತಗ್ಗಿಸತೊಡಗಿದರು. ಒಬ್ಬರು ಹಲಸಿನಹಣ್ಣು ತಂದುಕೊಟ್ಟು, “ಧೈರ್ಯವಾಗಿರಿ, ಬೇರೆ ಕೆಲಸ ಸಿಗ್ತದೆ,” ಅಂದರು. ಗಂಡಸು ಹಗಲಿಡೀ ಮನೆಯಲ್ಲಿದ್ದರೆ ನೌಕರಿ ಹೋಗಿದೆ ಅಂತಲೇ ಅಲ್ಲಿ ಲೆಕ್ಕ. ಮಾವನವರಿಗಂತೂ ಊಟ ಸೇರುತ್ತಿರಲಿಲ್ಲ.

ಒಂದು ದಿನ ಸಾಹೇಬರು ವಿಡಿಯೋದಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಹಿಂದಿನಿಂದ ಬಂದ ಮಾವ ಸ್ಕ್ರೀನಿಗೆ ಕೈ ಮುಗಿದರು. ಮುಂಬಯಿಯಲ್ಲಿ ಹೋಟೆಲ್ ನಡೆಸಿದವರು, ಹಿಂದಿ ನೀರು ಕುಡಿದಷ್ಟು ಸಲೀಸು.

“ಸಾಹೇಬರೇ, ನಮ್ಮ ಅಳಿಯ ಒಳ್ಳೆಯವರು. ಬೆಳಿಗ್ಗೆಯಿಂದ ಸಂಜೆವರೆಗೆ ಸುಮ್ಮನೆ ಕೂತಿರ್ತಾರೆ, ನೋಡಲಿಕ್ಕಾಗೂದಿಲ್ಲ. ನಿಮ್ಮಲ್ಲಿ ಏನಾದ್ರೂ ಕೆಲಸ ಇದ್ರೆ ಕೊಡಿ.”

ಸಾಹೇಬರೂ ಅಷ್ಟೇ ವಿನಯದಿಂದ ಕೈ ಮುಗಿದರು.

“ಕೆಲಸ ಕೊಟ್ಟು ವರ್ಷಗಳೇ ಆದವು ಸೇಠ್‌ಜೀ. ಅವರು ಯಾವಾಗ ಶುರು ಮಾಡ್ತಾರೆ ಅಂತ ನೀವೇ ಒಂದು ಮಾತು ಕೇಳಿ ಹೇಳಿ.”