ಯಾವುದನ್ನು ಒತ್ತಿದರೂ ಅಜ್ಜ ಸಾಯುತ್ತಾನೆ

ನಮ್ಮ ಮನೆಯಲ್ಲಿ ಏನನ್ನಾದರೂ ಆರಿಸಿಕೊಳ್ಳಲು ಹೊರಟರೆ ಸಾಕು, ಹೀಗೇ ಏನಾದರೊಂದು ಆಗುತ್ತದೆ. ನಾನು ತೀರ್ಥಹಳ್ಳಿಯಾಚೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಗಂಡ ಸಾಗರದಲ್ಲಿ ಬ್ಯಾಂಕಿನಲ್ಲಿದ್ದಾರೆ, ಅತ್ತೆ ಅವರ ಜೊತೆ. ಮದುವೆಯಾಗಿ ಏಳು ವರ್ಷವಾದರೂ ನಮ್ಮದು ಭಾನುವಾರದ ಸಂಸಾರ. ಸಾಗರಕ್ಕೆ ವರ್ಗ ಸಿಗಲಿ ಎಂಬುದೊಂದೇ ನನ್ನ ಆಸೆ.

೧. ದೋಣಿ ಅಜ್ಜ

ಭಾನುವಾರ ನಾವಿಬ್ಬರೂ ಕೂತು ಮೊಬೈಲಿನಲ್ಲಿ ಕಥೆಯ ಗೇಮ್ ಆಡುತ್ತೇವೆ. ಅದರಲ್ಲೊಬ್ಬ ದೋಣಿ ನಡೆಸುವ ಅಜ್ಜ. ಊರಿಗೆ ನೆರೆ ಬರುತ್ತದೆ. ಅವನನ್ನು ದೋಣಿಯಲ್ಲಿ ಕಳಿಸುವುದೋ, ಸೇತುವೆ ದಾಟಿಸುವುದೋ, ಮನೆಯಲ್ಲೇ ಇರಿಸುವುದೋ? ‘ಯೋಚಿಸಿ ಒತ್ತಿ, ನಿಮ್ಮ ಆಯ್ಕೆಯಿಂದ ಕಥೆ ಬದಲಾಗುತ್ತದೆ’ ಎಂಬ ಎಚ್ಚರಿಕೆ ಬೇರೆ.

ದೋಣಿ ಒತ್ತಿದೆವು, ಮುಳುಗಿತು. ಗೇಮಿನಲ್ಲಿ ಹಿಂದಕ್ಕೆ ಹೋಗಿ ಮತ್ತೆ ಆರಿಸಬಹುದು. ಹಾಗೇ ಮಾಡಿ ಮನೆಯಲ್ಲಿರಿಸಿದೆವು, ಗೋಡೆ ಬಿತ್ತು. ನಾನು ನೋಟ್‌ಬುಕ್ಕಿನಲ್ಲಿ ಕವಲು ಕವಲಾಗಿ ಚಿತ್ರ ಬರೆದು ದಾರಿ ಹುಡುಕುತ್ತಿದ್ದೆ. ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆಯೆತ್ತಿ ಕೇಳಿದರು: “ಅಲ್ವೇ, ದೋಣಿಯವನಿಗೆ ಈಜು ಬರಲ್ವಾ?”

ಗೇಮ್ ಮಾಡಿದವರಿಗೆ ಹೊಳೆಯದ ಪ್ರಶ್ನೆ. ನನಗೂ ಹೊಳೆದಿರಲಿಲ್ಲ.

೨. ಬಲಗಡೆ ಪ್ರಸಾದ

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ನಮ್ಮ ಕಡೆ ದೊಡ್ಡ ವಿಷಯಕ್ಕೆಲ್ಲ ದೇವರಲ್ಲಿ ಪ್ರಸಾದ ಕೇಳುತ್ತಾರೆ. ದೇವರ ಮೇಲಿಟ್ಟ ಹೂ ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ. ಅತ್ತೆ ದೇವಸ್ಥಾನಕ್ಕೆ ಹೋಗಿ, ಸೇತುವೆ ದಾಟಿಸಬಹುದಾ ಎಂದು ಕೇಳಿಯೇಬಿಟ್ಟರು.

“ಯಾರಿಗಮ್ಮಾ?” ಎಂದರಂತೆ ಭಟ್ಟರು.

“ನನ್ ಸೊಸೆ ಮೊಬೈಲಲ್ಲಿ ಒಬ್ಬ ಅಜ್ಜ ಇದಾನೆ.”

ಹೂ ಬಲಕ್ಕೇ ಬಿತ್ತು. ನಂಬಿಕೆಯಿಂದ ಸೇತುವೆ ಒತ್ತಿದೆವು. ಅಜ್ಜ ನಡುವಿಗೆ ಬರುವಷ್ಟರಲ್ಲಿ ಸೇತುವೆ ಕುಸಿಯಿತು. ಅತ್ತೆ ಎದ್ದು ಬಚ್ಚಲಿಗೆ ಹೋದರು. ಊಟಕ್ಕೆ ಬಡಿಸಿಟ್ಟು ಎಷ್ಟು ಹೊತ್ತು ಕಾದರೂ ಬರಲಿಲ್ಲ. ಬಾಗಿಲು ತಟ್ಟಿದರೆ ಒಳಗಿಂದ, “ಸತ್ತ ಸುದ್ದಿ ಕೇಳಿದ್ಮೇಲೆ ತಲೆಗೆ ನೀರು ಹಾಕ್ಕೋಬೇಡ್ವಾ? ನೀವೂ ಸ್ನಾನ ಮಾಡ್ಕೊಂಡೇ ಊಟಕ್ಕೆ ಕೂತ್ಕೊಳ್ಳಿ!” ಎಂದರು.

೩. ನಿಮ್ಮಿಷ್ಟ

ನಮ್ಮ ಹೆಡ್‌ಮಾಸ್ಟರೂ ಇಂಥದೇ ಒಂದು ಗೇಮ್. “ಮೇಡಂ, ಈ ಭಾನುವಾರ ಗಣತಿಗೆ ಹೋಗ್ತೀರೋ, ತರಬೇತಿಗೋ? ನಿಮ್ಮಿಷ್ಟ” ಎಂದರು. ತರಬೇತಿಯಾದರೆ ಅರ್ಧ ದಿನ, ಮಧ್ಯಾಹ್ನದ ಬಸ್ಸು ಹಿಡಿದರೆ ಸಂಜೆಯಾದರೂ ಇವರ ಮುಖ ನೋಡಬಹುದು. ತರಬೇತಿ ಎಂದೆ. ಬಸ್ಸೂ ಸಿಕ್ಕಿತು. ಹೊಸನಗರ ದಾಟುವಾಗ ಹೆಡ್‌ಮಾಸ್ಟರ ಫೋನು ಬಂತು.

“ಮುಂದಿನ ನಾಲ್ಕು ಭಾನುವಾರ ಗಣತಿಗೆ ನೀವೇ, ಮೇಡಂ.”

“ನಾನು ತರಬೇತಿ ಆರಿಸಿಕೊಂಡಿದ್ದೆ, ಸರ್!”

“ಹೌದು ಮೇಡಂ, ತರಬೇತಿ ಆದವರನ್ನೇ ತಾನೇ ಕಳಿಸ್ಬೇಕು?”

ಉಳಿದ ದಾರಿಯುದ್ದಕ್ಕೂ ಕಿಟಕಿ ಕಡೆ ಮುಖ ಮಾಡಿಕೊಂಡು ಅಳುತ್ತಾ ಕೂತೆ. ಪಕ್ಕದ ಸೀಟಿನ ಹೆಂಗಸು ಪಾಪ, ಬಸ್ಸಿನಲ್ಲಿ ತಲೆ ಸುತ್ತುತ್ತದೆಂದು ತಿಳಿದು ನಿಂಬೆಹಣ್ಣು ಕೊಟ್ಟಳು.

೪. ಆಯ್ಕೆ

ಕೊನೆಗೂ ವರ್ಗಾವಣೆಯ ಕೌನ್ಸೆಲಿಂಗ್ ಬಂತು. ಅತ್ತೆ ಮತ್ತೆ ಪ್ರಸಾದ ಕೇಳಿ, “ಬಲಕ್ಕೇ ಆಯ್ತು, ಧೈರ್ಯವಾಗಿ ಹೋಗು” ಎಂದಿದ್ದರು. ನನ್ನ ಸರದಿ ಬರುವಷ್ಟರಲ್ಲಿ ಸಾಗರವೂ ಹೋಗಿತ್ತು, ಹೊಸನಗರವೂ ಹೋಗಿತ್ತು. ಪರದೆಯ ಮೇಲೆ ಉಳಿದಿದ್ದು ಒಂದೇ ಹೆಸರು, ನನ್ನದೇ ಶಾಲೆ. ನಾನು ವರ್ಗ ಕೇಳಿದ್ದರಿಂದ ಅದು ಖಾಲಿ ಎಂದು ತೋರಿಸುತ್ತಿತ್ತು.

“ಬೇಗ ಆರಿಸ್ಕೊಳ್ಳಿ ಮೇಡಂ” ಎಂದ ಗುಮಾಸ್ತ.

“ಒಂದೇ ಇದೆಯಲ್ರೀ?”

“ಅದನ್ನೇ ಆರಿಸ್ಕೊಳ್ಳಿ.”

ಒತ್ತಿದೆ. ‘ಅಭಿನಂದನೆಗಳು, ನೀವು ಬಯಸಿದ ಶಾಲೆ ನಿಮಗೆ ದೊರೆತಿದೆ’ ಎಂದು ಮೆಸೇಜ್ ಬಂತು. ಇನ್ನೆಷ್ಟು ವರ್ಷ ಹೀಗೆ? ಮೆಟ್ಟಿಲ ಮೇಲೆ ಕೂತು ಮನೆಗೆ ಫೋನ್ ಮಾಡಿದೆ. ಅತ್ತೆ ಕೇಳಿಸಿಕೊಂಡು, “ಆ ಗೇಮಲ್ಲಿ ಮಾಡ್ತೀರಲ್ಲ, ಹಾಗೆ ಹಿಂದಕ್ಕೆ ಹೋಗಿ ಬೇರೇದು ಒತ್ತಾಕಾಗಲ್ವಾ?” ಎಂದರು.

“ಎಲ್ಲೀತನಕ ಹೋಗ್ಲಿ, ಅತ್ತೆ? ಮದುವೆ ಮಾತಿನ ದಿನಕ್ಕಾ? ದೂರದ ಕೆಲಸದ ಹುಡುಗಿ, ಆಗಬಹುದಾ ಅಂತ ನೀವೇ ಪ್ರಸಾದ ಕೇಳಿದ್ರಲ್ಲ. ಬಲಕ್ಕೆ ಬಿತ್ತು ಅಂದ್ರಿ.”



“ಮೊದಲೆರಡು ಸಲ ಎಡಕ್ಕೇ ಬಿದ್ದಿತ್ತು ಕಣೇ” ಎಂದರು ಅತ್ತೆ. “ಮೂರನೇ ಸಲ ಭಟ್ರಿಗೆ ಹೇಳಿ ಹೂವನ್ನೇ ಬಲಕ್ಕೆ ವಾಲಿಸಿ ಇಡಿಸ್ದೆ. ಏನ್ ಮಾಡ್ಲಿ, ಛತ್ರ ಆಗ್ಲೇ ಬುಕ್ ಆಗಿತ್ತಲ್ಲ!”