ಇಷ್ಟ ಕೇಳಿದ ಕ್ಯಾಲೆಂಡರು

ನಿನಗೇನು ಇಷ್ಟ ಎಂದು ನನ್ನನ್ನು ಯಾರೂ ಕೇಳಿದ್ದಿಲ್ಲ. ಇದನ್ನು ದೂರಿನ ದನಿಯಲ್ಲಿ ಹೇಳುತ್ತಿಲ್ಲ. ನನಗೂ ಇಷ್ಟವೆಂಬುದೊಂದು ಇದ್ದೀತು ಎಂಬ ಅನುಮಾನ ನಮ್ಮ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ, ಅಷ್ಟೆ. ನಾನು ಕಾಮರ್ಸ್ ಓದಬೇಕೆಂದು ತೀರ್ಮಾನಿಸಿದವರು ನಮ್ಮಪ್ಪ. ಎನ್.ಆರ್. ಕಾಲೋನಿಯ ನಮ್ಮ ಮನೆಗೆ ಪಿಸ್ತಾ ಬಣ್ಣ ಬಳಿಯಬೇಕೆಂದು ತೀರ್ಮಾನಿಸಿದವರು ಪೇಂಟರು. ಇನ್ಯಾರದೋ ಮನೆಯಲ್ಲಿ ಬಳಿದು ಅವರ ಹತ್ತಿರ ಅದು ಮಿಕ್ಕಿತ್ತಂತೆ. ಹುಡುಗಿ ನೋಡಲು ಹೋಗಿ ಬಂದು, ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ "ಒಪ್ಪಿದೀವಿ" ಎಂದು ಘೋಷಿಸಿದವಳು ನನ್ನ ಅಕ್ಕ ವಿಮಲ. ಆ ಬಹುವಚನದಲ್ಲಿ ನಾನೂ ಸೇರಿದ್ದೆನೆಂದು ನನಗೆ ಆಮೇಲೆ ತಿಳಿಯಿತು. ಹಾಗೆ ಬಂದ ನಳಿನಿ ದಿನಾ ಬೆಳಿಗ್ಗೆ "ತಿಂಡಿಗೇನ್ರೀ ಮಾಡ್ಲಿ?" ಎಂದು ಕೇಳುವುದುಂಟು. ಆದರೆ ಅಷ್ಟು ಹೊತ್ತಿಗೆ ರವೆ ಹುರಿಯುವ ವಾಸನೆ ಹಜಾರಕ್ಕೆ ಬಂದಿರುತ್ತದೆ.

ಇಂಥವನನ್ನು ಒಂದು ದಿನ ಕ್ಯಾಲೆಂಡರೊಂದು ಕೂರಿಸಿಕೊಂಡು, ನಿಮ್ಮ ಆದ್ಯತೆಗಳನ್ನು ತಿಳಿಸಿ ಎಂದರೆ ತಲೆ ನೆಟ್ಟಗಿರುವುದು ಹೇಗೆ?

ನಾನು ಚಾಮರಾಜಪೇಟೆಯ ಒಂದು ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ ಮಾಡುತ್ತೇನೆ. ನಮ್ಮಲ್ಲಿ ಪಾಠಕ್ಕಿಂತ ಮೀಟಿಂಗು ಜಾಸ್ತಿ. ಹಿಂದಿನ ಮೀಟಿಂಗಿನಲ್ಲಿ ಏನು ಮಾತಾಡಿದೆವೆಂದು ನೆನಪಿಸಿಕೊಳ್ಳಲು ಒಂದು ಮೀಟಿಂಗು, ಮುಂದಿನದು ಯಾವಾಗ ಎಂದು ಗೊತ್ತುಮಾಡಲು ಇನ್ನೊಂದು. ಪ್ರಿನ್ಸಿಪಾಲರಿಗೆ ಭಾನುವಾರದ ಮೀಟಿಂಗೆಂದರೆ ವಿಶೇಷ ಪ್ರೀತಿ. ಅವತ್ತು ವಿದ್ಯಾರ್ಥಿಗಳ ಕಾಟ ಇರುವುದಿಲ್ಲ ಎನ್ನುತ್ತಾರೆ. ಕಾಲೇಜೊಂದರಲ್ಲಿ ವಿದ್ಯಾರ್ಥಿಗಳಿರುವುದು ಎಷ್ಟು ದೊಡ್ಡ ಅಡಚಣೆ ಎಂಬುದನ್ನು ಅವರಷ್ಟು ಚೆನ್ನಾಗಿ ಅರಿತವರಿಲ್ಲ. ಈ ಗೊಂದಲವನ್ನೆಲ್ಲ ನಿವಾರಿಸಲೆಂದು ಆಡಳಿತ ಮಂಡಳಿಯವರು ಹೊಸ ಕ್ಯಾಲೆಂಡರ್ ವ್ಯವಸ್ಥೆಯೊಂದನ್ನು ಕೊಂಡು ತಂದರು. ಅದನ್ನು ಕಲಿಸಲು ಕಂಪನಿಯಿಂದ ಶ್ರುತಿ ಎಂಬ ಹುಡುಗಿ ಬಂದಳು. ಅವಳು ಬರುವ ದಿನ, ಸಮಯ ಗೊತ್ತುಮಾಡುವುದಕ್ಕೇ ನಮಗೆ ಎರಡು ಮೀಟಿಂಗು ಬೇಕಾಯಿತೆನ್ನುವುದು ಬೇರೆ ಮಾತು.

"ಸರ್, ಮೊದಲು ನಿಮ್ಮ ಪ್ರಿಫರೆನ್ಸಸ್ ಸೆಟ್ ಮಾಡ್ಕೊಳ್ಳಿ. ಆಮೇಲೆ ನೀವೇನೂ ಮಾಡೋದೇ ಬೇಡ. ಎಲ್ಲಾ ಅದೇ ನೋಡ್ಕೊಳತ್ತೆ" ಎಂದಳು ಶ್ರುತಿ. ಏನೂ ಮಾಡದಿರುವುದರಲ್ಲಿ ನಮ್ಮ ಸಹೋದ್ಯೋಗಿಗಳಿಗೆ ಆಗಲೇ ಸಾಕಷ್ಟು ಪರಿಣತಿ ಇತ್ತು. ಆದರೂ ಎಲ್ಲರೂ ಶ್ರದ್ಧೆಯಿಂದ ಕಂಪ್ಯೂಟರ್ ಮುಂದೆ ಕೂತೆವು.

ಪ್ರಶ್ನೆಗಳು ಒಂದೊಂದಾಗಿ ಬಂದವು. ನೀವು ಯಾವ ದೇಶದ ಗಡಿಯಾರದಲ್ಲಿ ಬದುಕುತ್ತೀರಿ? ಅದು ತಾನಾಗಿಯೇ ಯಾವುದೋ ಸಮುದ್ರದಾಚೆಯ ಊರನ್ನು ಆರಿಸಿಟ್ಟಿತ್ತು. ಹಾಗೇ ಬಿಟ್ಟಿದ್ದರೆ ನನ್ನ ಮೊದಲನೇ ಪೀರಿಯಡ್ಡು ರಾತ್ರಿ ಊಟದ ಹೊತ್ತಿಗೆ ಬೀಳುತ್ತಿತ್ತು. ನಿಮ್ಮ ವಾರ ಶುರುವಾಗುವುದು ಭಾನುವಾರವೋ ಸೋಮವಾರವೋ? ಇದು ನಾವು ಆರಿಸಿಕೊಳ್ಳುವ ವಿಷಯವೆಂದು ನನಗೆ ಗೊತ್ತೇ ಇರಲಿಲ್ಲ. ಎಷ್ಟು ಮುಂಚಿತವಾಗಿ ನೆನಪಿಸಬೇಕು? ಮೀಟಿಂಗಿನ ಸಾಮಾನ್ಯ ಅವಧಿ ಅರ್ಧ ಗಂಟೆ ಇರಲೇ? ಇದನ್ನು ಓದಿ ಸ್ಟಾಫ್ ರೂಮಿನಲ್ಲಿ ನಗೆಯ ಅಲೆಯೇ ಎದ್ದಿತು. ನಮ್ಮಲ್ಲಿ ಅರ್ಧ ಗಂಟೆ ಸ್ವಾಗತ ಭಾಷಣಕ್ಕೇ ಬೇಕು. ಹಿಸ್ಟರಿ ಮೇಡಂ ಮಾತ್ರ ನಗದೆ ಕೈ ಎತ್ತಿ, "ರಾಹುಕಾಲದಲ್ಲಿ ಮೀಟಿಂಗ್ ಬೀಳದ ಹಾಗೆ ಮಾಡೋ ಆಪ್ಷನ್ ಎಲ್ಲಿದೆಯಮ್ಮಾ?" ಎಂದು ಕೇಳಿದರು. ಶ್ರುತಿ ಅದನ್ನು ಬಹಳ ಗಂಭೀರವಾಗಿ ಬರೆದುಕೊಂಡಳು.

ಕೊನೆಗೆ ಆ ಪ್ರಶ್ನೆ ಬಂತು. ನಿಮ್ಮ ಕೆಲಸದ ವೇಳೆ ಯಾವುದು? ಅದರಾಚೆ ಬರುವ ಆಹ್ವಾನಗಳನ್ನು ನಿಮ್ಮ ಪರವಾಗಿ ನಾನೇ ತಿರಸ್ಕರಿಸಲೇ? ಜೊತೆಗೆ ಕಳಿಸಬೇಕಾದ ಸಂದೇಶವೇನು?

ಓದುಗರೇ, ಇಷ್ಟು ವರ್ಷಗಳ ಭಾನುವಾರಗಳು ನನ್ನ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು. ಪ್ರಿನ್ಸಿಪಾಲರಿಗೆ ಎದುರೆದುರೇ "ಆಗಲ್ಲ ಸಾರ್" ಎನ್ನುವ ಧೈರ್ಯ ನನಗಿಲ್ಲ. ನನ್ನ ಪರವಾಗಿ ಧೈರ್ಯ ಮಾಡಲು ಯಂತ್ರವೊಂದು ತಾನಾಗಿ ಮುಂದೆ ಬಂದಿರುವಾಗ ಬಿಡುವುದುಂಟೇ? ಭಾನುವಾರದ ಮುಂದಿನ ಗುರುತನ್ನು ತೆಗೆದು ಹಾಕಿದೆ. ಸಂದೇಶದ ಜಾಗದಲ್ಲಿ ಕಂಪನಿಯವರು ಮೊದಲೇ ಬರೆದಿಟ್ಟಿದ್ದ ಒಂದು ಸಪ್ಪೆ ಇಂಗ್ಲಿಷ್ ವಾಕ್ಯವಿತ್ತು, ಬರಲಾಗದ್ದಕ್ಕೆ ವಿಷಾದಿಸುತ್ತೇನೆ ಎಂಬರ್ಥದ್ದು. ನಾನೇಕೆ ವಿಷಾದಿಸಲಿ? ಅದನ್ನು ಅಳಿಸಿ, ನನ್ನೊಳಗಿನ ಸಾಹಿತಿಯನ್ನು ಎಬ್ಬಿಸಿ ಕೂರಿಸಿ, ಹೀಗೆ ಬರೆದೆ: "ಈ ವೇಳೆ ನನ್ನ ಸ್ವಂತದವರಿಗೆ ಮೀಸಲು. ತಮ್ಮ ವಿಷಯವೇನಿದ್ದರೂ ಕಚೇರಿ ವೇಳೆಯಲ್ಲಿ ತಿಳಿಸಿ. ಹಾಜರಾಗಲು ಸಾಧ್ಯವಿಲ್ಲ. ಬೇಸರವೂ ಇಲ್ಲ." ಕೊನೆಯ ಎರಡು ಪದ ಬರೆದಾಗ ಆದ ಆನಂದ ನನಗೆ ಪ್ರಮೋಷನ್ ಸಿಕ್ಕಾಗಲೂ ಆಗಿರಲಿಲ್ಲ.

ಮುಂದಿನ ವಾರ ಪ್ರಿನ್ಸಿಪಾಲರು ಭಾನುವಾರ ಮೀಟಿಂಗು ಕರೆದರು. ಹೊಸ ಕ್ಯಾಲೆಂಡರಿನಲ್ಲಲ್ಲ, ಫೋನಿನಲ್ಲಿ. "ಆ ಸಿಸ್ಟಮ್ಮು ನಿಮ್ಮಂಥವರಿಗೆ ಕಣ್ರೀ, ನನಗೆ ಅದೆಲ್ಲ ಬರಲ್ಲ. ಹತ್ತಕ್ಕೆ ಬಂದ್ಬಿಡಿ" ಎಂದರು. ನಾನು ಹತ್ತಕ್ಕೆ ಐದು ನಿಮಿಷ ಮುಂಚೆಯೇ ಹೋಗಿ ಕೂತಿದ್ದೆ.

ಇದಾಗಿ ಕೆಲವು ದಿನಕ್ಕೆ ನನ್ನ ಗಮನಕ್ಕೆ ಬಂದದ್ದು, ವಿಮಲಕ್ಕನ ಫೋನು ಬರುತ್ತಿಲ್ಲವೆಂಬುದು. ಅಕ್ಕ ಇರುವುದು ಕುಮಾರ ಪಾರ್ಕಿನಲ್ಲಿ. ಅಲ್ಲಿಂದಲೇ ನನ್ನ ಬಿ.ಪಿ. ಮಾತ್ರೆ, ಸ್ವೆಟರು, ಕಟಿಂಗು ಎಲ್ಲವನ್ನೂ ದಿನಾ ಬೆಳಿಗ್ಗೆ ಫೋನಿನಲ್ಲಿ ವಿಚಾರಿಸಿಕೊಳ್ಳುತ್ತಾಳೆ. ಅವಳ ಮಗಳು ಸಿಂಧುವಿನ ನಿಶ್ಚಿತಾರ್ಥ ಹತ್ತಿರ ಬಂದಿತ್ತು. ಓಡಾಟದಲ್ಲಿ ಪುರುಸೊತ್ತಿಲ್ಲವೇನೋ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಆ ನಿಶ್ಶಬ್ದದಲ್ಲಿ ಪೇಪರ್ ಓದುವುದು ಹಾಯಾಗಿಯೇ ಇತ್ತು.

ಒಂದು ಸಂಜೆ ನಾನು ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ನಳಿನಿ ಫೋನು ಹಿಡಿದುಕೊಂಡು ಬಂದು ಎದುರಿಗೆ ನಿಂತಳು.

"ನೀವು ಸಿಂಧು ನಿಶ್ಚಿತಾರ್ಥಕ್ಕೆ ಬರಲ್ಲ ಅಂದ್ರಂತೆ?"

"ಯಾರಂದಿದ್ದು?"

"ನೀವೇ. ಬರವಣಿಗೇಲಿ. ಅಕ್ಕ ಈಗ ಫೋನ್ ಮಾಡಿದ್ರು. 'ನಿಮ್ಮ ಯಜಮಾನ್ರು ಅವರ ಸ್ವಂತದವರ ಜೊತೆ ಇರ್ತಾರಂತೆ, ನೀನೊಬ್ಬಳಾದ್ರೂ ಬಂದು ಹೋಗಮ್ಮಾ' ಅಂದ್ರು. ಅಳ್ತಾ ಇದ್ರು ಕಣ್ರೀ."

ಅವರೆಕಾಳು ಕೈಯಲ್ಲೇ ಉಳಿಯಿತು. ಆದದ್ದಿಷ್ಟು. ಈಗಿನ ಮಕ್ಕಳಿಗೆ ಲಗ್ನಪತ್ರಿಕೆಗಿಂತ ಮುಂಚೆ ಕ್ಯಾಲೆಂಡರಿನಲ್ಲಿ ಆಹ್ವಾನ ಕಳಿಸುವ ಖಯಾಲಿ. ಸಿಂಧು ಅಮ್ಮನ ಹೆಸರಿನಲ್ಲೇ ಎಲ್ಲ ನೆಂಟರಿಗೂ ಕಳಿಸಿದ್ದಳು. ಅವಳ ಹತ್ತಿರವಿದ್ದದ್ದು ನನ್ನ ಕಾಲೇಜಿನ ವಿಳಾಸ. ಮುಹೂರ್ತ ಭಾನುವಾರ. ನನ್ನ ಯಂತ್ರ ಕಣ್ಣು ಮುಚ್ಚಿ ತೆಗೆಯುವುದರೊಳಗೆ ತನ್ನ ಧೈರ್ಯ ತೋರಿಸಿಬಿಟ್ಟಿತ್ತು. ಅದೂ ಒಂದು ಸಲವಲ್ಲ. ಮಲ್ಲೇಶ್ವರದ ಒಂದು ಛತ್ರ ಬಿಟ್ಟು ಇನ್ನೊಂದು ಗೊತ್ತಾದಾಗ ಸಿಂಧು ಅದನ್ನು ತಿದ್ದಿದಳು. ನಾನು ಮತ್ತೆ ತಿರಸ್ಕರಿಸಿದೆ. ಪುರೋಹಿತರು ಸಮಯ ಹಿಂದಕ್ಕೆ ಹಾಕಿದಾಗ ಮತ್ತೆ ತಿದ್ದಿದಳು, ಮತ್ತೆ ತಿರಸ್ಕರಿಸಿದೆ. ಪ್ರತಿ ಸಲವೂ, ಬೇಸರವೂ ಇಲ್ಲ. ಹುಡುಗಿಯ ಕೈ ಹಿಡಿದು ಕರೆತಂದು ಮಣೆಯ ಮೇಲೆ ಕೂರಿಸಬೇಕಾದ ಸೋದರಮಾವ, ಇರುವವನು ಒಬ್ಬನೇ, ಮೂರು ಸಲ ಲಿಖಿತವಾಗಿ ಬರುವುದಿಲ್ಲವೆಂದಿದ್ದ. ಇನ್ನೂ ಸೊಗಸಾದ ಸಂಗತಿಯೆಂದರೆ, ಆಹ್ವಾನಿತರು ಕೊಟ್ಟ ಉತ್ತರ ಉಳಿದ ಆಹ್ವಾನಿತರಿಗೂ ಕಾಣುತ್ತದಂತೆ. ಹುಡುಗನ ತಂದೆ ಅದನ್ನು ನೋಡಿ ಭಾವನಿಗೆ ಫೋನ್ ಮಾಡಿ, "ತಪ್ಪು ತಿಳೀಬೇಡಿ, ನಿಮ್ಮ ಮನೇಲಿ ಏನಾದ್ರೂ ಆಸ್ತಿ ತಕರಾರು ನಡೀತಿದ್ಯಾ?" ಎಂದು ವಿಚಾರಿಸಿದ್ದರು.

ಮರುದಿನವೇ ಗಾಂಧಿ ಬಜಾರಿನಲ್ಲಿ ಒಂದು ಮಾರು ಮಲ್ಲಿಗೆ, ಒಂದಿಷ್ಟು ಹಣ್ಣು ಕಟ್ಟಿಸಿಕೊಂಡು ಕುಮಾರ ಪಾರ್ಕಿಗೆ ಹೋದೆ. ಬಯ್ಯುತ್ತಾಳೆ, ಬಯ್ಯಲಿ, ಬೇಕಾದರೆ ಚಿಕ್ಕಂದಿನ ಹಾಗೆ ತಲೆಯ ಮೇಲೊಂದು ಮೊಟಕಲಿ ಎಂದು ಸಿದ್ಧವಾಗಿಯೇ ಹೋಗಿದ್ದೆ. ಅಕ್ಕ ಬಾಗಿಲು ತೆರೆದಳು. ಮುಖದಲ್ಲಿ ಅತ್ಯಂತ ಸಭ್ಯವಾದ ಒಂದು ನಗು ತಂದುಕೊಂಡು ಹೇಳಿದಳು:

"ಓ, ಬನ್ನಿ ಬನ್ನಿ. ಒಳಗೆ ಬನ್ನಿ. ಕೂತ್ಕೊಳ್ಳಿ."

ನಾನು ಹುಟ್ಟಿದಂದಿನಿಂದ ವಿಮಲಕ್ಕನ ಬಾಯಲ್ಲಿ 'ಲೋ', 'ಬಾರೋ', 'ಕತ್ತೆ' ಬಿಟ್ಟು ಬೇರೆ ಸಂಬೋಧನೆ ಕೇಳಿದವನಲ್ಲ. ಹಿಂದೆ ತಿರುಗಿ ನೋಡಿದೆ. ನನ್ನ ಬೆನ್ನ ಹಿಂದೆ ಬೇರೆ ಯಾರೂ ಇರಲಿಲ್ಲ.

"ಕಾಫಿ ತಗೋತೀರಾ, ಟೀ ತಗೋತೀರಾ?"

"ಅಕ್ಕಾ..."

"ಸಕ್ಕರೆ ಹಾಕಬಹುದಾ? ಎಷ್ಟು ಹಾಕ್ಲಿ?"

ನನಗೆ ಹಾಲು ಕುಡಿಸಿ, ಮೂಗು ಒರೆಸಿ, ಸ್ಲೇಟು ಹಿಡಿಸಿ ಸ್ಕೂಲಿಗೆ ಎಳೆದುಕೊಂಡು ಹೋದವಳು ಕೇಳುತ್ತಿದ್ದಾಳೆ, ಸಕ್ಕರೆ ಎಷ್ಟು ಹಾಕಲಿ ಎಂದು! ಕಾಫಿ ಬಂದದ್ದು ಲೋಟದಲ್ಲಲ್ಲ. ಗಾಜಿನ ಬೀರುವಿನಲ್ಲಿ ಹೊರಗಿನವರಿಗೆಂದು ಎತ್ತಿಟ್ಟಿರುವ, ಹೂವಿನ ಚಿತ್ತಾರದ ಕಪ್ಪಿನಲ್ಲಿ. ಸಾಸರಿನ ಸಮೇತ. ಜೊತೆಗೊಂದು ತಟ್ಟೆಯಲ್ಲಿ ಬಿಸ್ಕತ್ತು, ವೃತ್ತಾಕಾರವಾಗಿ ಜೋಡಿಸಿ.

"ಅಕ್ಕಾ, ಅದು ನಾನಲ್ಲ ಕಣೇ. ಮಿಷನ್ನು. ತಾನಾಗೇ ಕಳಿಸಿಬಿಡತ್ತೆ."

"ಹೌದಾ? ಬೇಸರವೂ ಇಲ್ಲ ಅನ್ನೋದನ್ನೂ ಮಿಷನ್ನೇ ಬರೆದುಕೊಳ್ತಾ?"

"ಅದು... ನಾನು ಬರೆದಿದ್ದು. ಪ್ರಿನ್ಸಿಪಾಲರಿಗೆ ಅಂತ."

"ಅವರಿಗೆ ತಲುಪ್ತಾ?"

"ಇಲ್ಲ."

"ಪಾಪ" ಎಂದಳು ಅಕ್ಕ. "ಬಿಸ್ಕತ್ತು ತಗೊಳ್ಳಿ."

ಸಿಂಧು ಒಳಗಿನಿಂದ ಬಂದವಳು ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು. ಅವಳೇ ನನ್ನ ಫೋನು ಕಸಿದು, ಕೆಲಸದ ವೇಳೆಯ ಪುಟ ತೆಗೆದು, ಭಾನುವಾರದ ಮುಂದೆ ಮತ್ತೆ ಗುರುತು ಹಾಕಿ, ನನ್ನ ಪರವಾಗಿ 'ಬರುತ್ತೇನೆ' ಒತ್ತಿದಳು. "ಅಮ್ಮಾ, ನೋಡು, ಮಾಮ ಆಕ್ಸೆಪ್ಟ್ ಮಾಡಿದ್ರು" ಎಂದಳು. ಅಕ್ಕ ಕನ್ನಡಕ ಹಾಕಿಕೊಂಡು ಪರದೆಯನ್ನು ಮೇಲಿನಿಂದ ಕೆಳಗಿನವರೆಗೂ ಓದಿ, ಕನ್ನಡಕ ತೆಗೆದು, "ಬಹಳ ಉಪಕಾರವಾಯ್ತು. ಬಿಡುವು ಮಾಡ್ಕೊಂಡು ಬನ್ನಿ" ಎಂದಳು. ಗೇಟಿನವರೆಗೂ ಬಂದು ಕೈ ಮುಗಿದಳು. ಮನೆಗೆ ಬಂದು ನಳಿನಿಗೆ ಹೇಳಿದರೆ, "ಕೈ ಮುಗಿದ್ರಾ? ಹಾಗಾದ್ರೆ ಕಷ್ಟ ಇದೆ" ಎಂದು ಒಳಗೆ ಹೋದಳು. ಆ ರಾತ್ರಿ ಊಟ ಸೇರಲಿಲ್ಲ. ಹೇಳಿಕೊಂಡರೆ ನಗುತ್ತೀರಿ. ಐವತ್ತು ದಾಟಿದ ಗಂಡಸು ಅಕ್ಕ ಬಯ್ಯಲಿಲ್ಲವೆಂದು ಸಂಕಟಪಡುವುದನ್ನು ಯಾರೆದುರು ಹೇಳುವುದು?

ನಿಶ್ಚಿತಾರ್ಥದ ದಿನ ಛತ್ರದ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತಿದ್ದೆ. ಹುಡುಗನ ತಂದೆ ನನ್ನನ್ನು ಕಂಡು ಗಾಬರಿ ಬೆರೆತ ಗೌರವದಿಂದ, "ಬಂದ್ರಲ್ಲ ಸಾರ್, ಸಂತೋಷ. ತುಂಬಾ ಬಿಜಿ ಅಂತ ಕೇಳಿದ್ವಿ" ಎಂದರು. ಅವರ ಕಡೆಯವರೆಲ್ಲ ಬಂದು ಬಂದು ಕೈ ಕುಲುಕಿದರು. ಆಸ್ತಿಯ ಪಾಲುದಾರ ಹೇಗಿರುತ್ತಾನೆಂದು ನೋಡುವ ಕುತೂಹಲವೂ ಇದ್ದೀತು. ಸಿಂಧುವನ್ನು ಕೈ ಹಿಡಿದು ಕರೆತಂದು ಮಣೆಯ ಮೇಲೆ ಕೂರಿಸಿದೆ. ಅಕ್ಕ ಪಕ್ಕದಲ್ಲೇ ನಿಂತು, "ಹಾಂ, ಹೀಗೆ ಬನ್ನಿ. ಇಲ್ಲಿ ನಿಂತ್ಕೊಳ್ಳಿ" ಎಂದು ಛತ್ರದ ಮ್ಯಾನೇಜರಿಗೆ ಹೇಳುವ ಹಾಗೆ ಹೇಳುತ್ತಿದ್ದಳು. ಆಮೇಲೆ ನನ್ನನ್ನು ಮೊದಲ ಸಾಲಿನ ಸೋಫಾದಲ್ಲಿ ಕೂರಿಸಿದರು. ಯಾರೋ ಬಂದು ಬಾದಾಮಿ ಹಾಲು ಕೊಟ್ಟು ಹೋದರು. ನಮ್ಮ ಮನೆಯ ಇಷ್ಟು ಶುಭಕಾರ್ಯಗಳಲ್ಲಿ ನಾನು ಸೋಫಾದಲ್ಲಿ ಕೂತದ್ದು ಇದೇ ಮೊದಲು. ಅದು ಅಷ್ಟು ಚುಚ್ಚುತ್ತದೆಂದು ಗೊತ್ತಿರಲಿಲ್ಲ.

ಊಟದ ಹೊತ್ತಿಗೆ ಕರೆದದ್ದಕ್ಕಿಂತ ಹೆಚ್ಚು ಜನ ಬಂದಿದ್ದರು. ಮೊದಲ ಪಂಕ್ತಿಯಲ್ಲಿ ಬೀಗರ ಕಡೆಯವರೇ ಕೂತಿದ್ದಾರೆ. ಎಲೆ ಹಾಕಿಯಾಗಿದೆ, ಅನ್ನ ಬಿದ್ದಿದೆ, ಸಾರು ತರುವವರಿಲ್ಲ. ಬಡಿಸಲು ಬಂದವರಲ್ಲಿ ಇಬ್ಬರು ಬೇರೆ ಛತ್ರಕ್ಕೆ ಹೋಗಿಬಿಟ್ಟಿದ್ದರಂತೆ. ಅಕ್ಕ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೂ ಊಟದ ಮನೆಗೂ ನಡುವೆ ಓಡಾಡುತ್ತಿದ್ದಳು. ನಾನು ಬಾಗಿಲ ಹತ್ತಿರ ಗಣ್ಯವ್ಯಕ್ತಿಯ ಹಾಗೆ, ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಮೂರನೇ ಸಲ ನನ್ನನ್ನು ದಾಟಿ ಹೋದವಳು ಗಕ್ಕನೆ ನಿಂತು ತಿರುಗಿದಳು.

"ಲೋ! ಏನೋ ಕಂಬದ ಹಾಗೆ ನಿಂತಿದೀಯಾ? ಜನ ಬರೀ ಅನ್ನ ನೋಡ್ಕೊಂಡು ಕೂತಿರೋದು ಕಾಣಲ್ವಾ ನಿಂಗೆ? ಹೋಗೋ, ಬಕೆಟ್ ತಗೋ. ಕತ್ತೆ!"

ಛತ್ರದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹುಡುಗನ ತಂದೆ ಎಲೆಯಿಂದ ತಲೆಯೆತ್ತಿದರು. ನಾನು ಶರಟಿನ ತೋಳು ಮಡಿಸಿಕೊಂಡು ಅಡುಗೆಮನೆಗೆ ಓಡಿದೆ. ಓಡುವಾಗ ಕಣ್ಣು ಮಂಜಾಗಿತ್ತು; ಒಲೆಯ ಹೊಗೆ ಎಂದು ಇಟ್ಟುಕೊಳ್ಳಿ, ಅಲ್ಲಿದ್ದದ್ದು ಗ್ಯಾಸಿನ ಒಲೆಯಾದರೂ. ಸಾರಿನ ಬಕೆಟ್ಟು ಹಿಡಿದು ಸಾಲಿನ ಮೊದಲಿನಿಂದ ಬಡಿಸುತ್ತಾ ಬಂದೆ. ನಾಲ್ಕನೇ ಎಲೆಯ ಮುಂದೆ ಕೂತಿದ್ದ, ಹುಡುಗನ ಕಡೆಯ ಅಜ್ಜನೊಬ್ಬರು ನನ್ನ ಮುಖವನ್ನೂ ನೋಡದೆ, "ಭಟ್ಟರೇ, ತಿಳಿ ಹಾಕಿ, ಗಸಿ ಬೇಡ" ಎಂದರು. ಪಕ್ಕದಲ್ಲಿದ್ದವರು ಅವರ ಕಿವಿಯಲ್ಲಿ, ಅವರು ಪ್ರೊಫೆಸರು, ಸೋದರಮಾವ, ಎಂದು ಪಿಸುಗುಟ್ಟಿದರು. ಅಜ್ಜ ಒಂದು ಗಳಿಗೆ ಯೋಚಿಸಿ, "ಹಾಗಾದ್ರೆ ಕಲಕದೆ ಮೇಲಿಂದ ಹಾಕೋಕೆ ಹೇಳು, ಅವರಿಗೆ ಗೊತ್ತಿರಲ್ಲ" ಎಂದರು. ನಾನು ಕಲಕದೆ, ತಿಳಿಯನ್ನೇ ಹಾಕಿದೆ. ಇಷ್ಟು ವರ್ಷಗಳ ಮೀಟಿಂಗುಗಳಲ್ಲೂ ನನ್ನಿಂದೇನು ಬೇಕೆಂದು ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಆದರೂ ಅಕ್ಕ ನೋಡುತ್ತಿದ್ದಾಳೆಯೇ ಎಂದು ತಿರುಗಿದವನು, ಅವರ ರೇಷ್ಮೆ ಪಂಚೆಯ ಮೇಲೆ ಒಂದು ಸೌಟು ಚೆಲ್ಲಿಬಿಟ್ಟೆ.