ಪ್ರಕಟವಾಗದ ಹದಿನೆಂಟು ಮರಗಳು

ತೆಂಗಿನ ಮರಕ್ಕೆ ರೋಗ ಬಂದಿದೆ ಎಂದು ಹೇಳಲು ಮರ ಬೆಳೆಸಿದವರಿಗೆ ಅಧಿಕಾರವಿಲ್ಲ. ತಿಪಟೂರಿನ ತೆಂಗು ಜ್ಞಾನ ಪರಿಷತ್ತು ಇದನ್ನು ಸುತ್ತೋಲೆಯಲ್ಲೇ ಸ್ಪಷ್ಟಪಡಿಸಿದೆ. ಉಚಿತ ಔಷಧಿ ಕೇಳುವ ರೈತರು ಅರ್ಜಿಯ ಪ್ರತಿ ವಾಕ್ಯಕ್ಕೂ ಆಕರ ಕೊಡತಕ್ಕದ್ದು: ಲೇಖಕರ ಹೆಸರು, ವರ್ಷ, ಶೀರ್ಷಿಕೆ, ಪತ್ರಿಕೆ, ಪುಟ. ಕಣ್ಣಾರೆ ಕಂಡದ್ದು ಆಕರವಲ್ಲ.

ಬಿಳಿಗೆರೆಯ ಸುವರ್ಣಮ್ಮನಿಗೆ ಇದು ತಿಳಿದಿರಲಿಲ್ಲ. ಆಕೆಯ ತೋಟದ ಹದಿನೆಂಟು ಮರಗಳ ಕಾಂಡದಿಂದ ಕೆಂಪು ರಸ ಸೋರುತ್ತಿತ್ತು. ಮಳೆ ಹಿಡಿಯುವುದರೊಳಗೆ ಬೇರಿಗೆ ಔಷಧಿ ಕಟ್ಟದಿದ್ದರೆ ಅಷ್ಟೂ ಸಾಯುತ್ತವೆ. ಆಕೆ ಒಂದು ಚೂರು ತೊಗಟೆಯನ್ನು ಚೀಲಕ್ಕೆ ಹಾಕಿಕೊಂಡು, ಆಕರ ಪರಿಶೀಲನಾಧಿಕಾರಿ ಜ್ಞಾನೇಶ್ ಅವರ ಮೇಜಿನ ಮುಂದೆ ನಿಂತಳು.

"ಹದಿನೆಂಟು ಮರ ಸೋರ್ತಾವೆ ಕಣಪ್ಪ. ಇಕಾ, ತೊಗಟೆ ನೋಡು."

ಜ್ಞಾನೇಶ್ ತೊಗಟೆಯನ್ನು ಎರಡೂ ಕಡೆ ತಿರುಗಿಸಿ ನೋಡಿದರು. "ಲೇಖಕರ ಹೆಸರಿಲ್ಲವಲ್ಲ ಅಮ್ಮ. ವರ್ಷವೂ ಇಲ್ಲ."

"ನಾನೇ ಬಾಯಿಬಿಟ್ಟು ಹೇಳ್ತಾ ಇದೀನಲ್ಲ?"

"ನೀವು ಎಲ್ಲಿ ಪ್ರಕಟವಾಗಿದ್ದೀರಿ?"

ಪ್ರಕಟವಾಗಿದ್ದಳು. ಮೂರು ವರ್ಷದ ಹಿಂದೆ ಪರಿಷತ್ತಿನ ಡಾ. ವೀರಭದ್ರಯ್ಯ ಆಕೆಯ ಜಗಲಿಯಲ್ಲಿ ಕೂತು, ನಾಲ್ಕು ಎಳನೀರು ಕುಡಿದು, ಈ ರೋಗದ ಬಗ್ಗೆ ಆಕೆ ಹೇಳಿದ್ದನ್ನೆಲ್ಲ ಬರೆದುಕೊಂಡು ಹೋಗಿದ್ದರು. ಲೇಖನ ಅಚ್ಚಾಯಿತು. ಬಡ್ತಿಯೂ ಬಂತು. ಆಕರಪಟ್ಟಿಯಲ್ಲಿ ನಲವತ್ತು ಹೊರದೇಶದ ಹೆಸರುಗಳಿದ್ದವು, ಸುವರ್ಣಮ್ಮನದು ಇರಲಿಲ್ಲ. ಈಗ ಅದೇ ಮಾತನ್ನು ಆಕೆ ತನ್ನದೆಂದು ಹೇಳಿದರೆ ನಿಯಮದ ಪ್ರಕಾರ ಕೃತಿಚೌರ್ಯ. ಆದ್ದರಿಂದ ತನ್ನ ಮಾತಿನ ಮುಂದೆ (ವೀರಭದ್ರಯ್ಯ, 2022, ಪು. 14) ಎಂದು ಬರೆಸಿದಳು.

ಅರ್ಜಿ ಕೂಡಲೇ ಮಂಜೂರಾಯಿತು. ಆದರೆ ಹದಿನಾಲ್ಕನೇ ಪುಟದಲ್ಲಿದ್ದದ್ದು ಒಂದೇ ಮರ, ಬಾವಿ ಪಕ್ಕದ್ದು.

"ಅದು ಹೋದ್ ವರ್ಸವೇ ಉರುಳೋಯ್ತು ಸಾಮಿ. ಈಗಿರಾದು ಬರೀ ಬೊಡ್ಡೆ."

"ಲೇಖನದಲ್ಲಿ ನಿಂತಿದೆ."

"ಮಿಕ್ಕ ಹದಿನೆಂಟು?"

"ಅವು ಇನ್ನೂ ಪ್ರಕಟವಾಗಿಲ್ಲ."

ಔಷಧಿಯ ಪೊಟ್ಟಣವನ್ನು ಬೊಡ್ಡೆಯ ಒಣಬೇರಿಗೆ ಕಟ್ಟಲಾಯಿತು. ಜ್ಞಾನೇಶ್ ಫೋಟೊ ತೆಗೆದರು. ಹದಿನೈದು ದಿನದ ನಂತರ ಡಾ. ವೀರಭದ್ರಯ್ಯ ಖುದ್ದಾಗಿ ಬಂದು ಬೊಡ್ಡೆಯನ್ನು ಪರೀಕ್ಷಿಸಿ, ಸೋರುವುದು ಸಂಪೂರ್ಣ ನಿಂತಿದೆ ಎಂದು ದಾಖಲಿಸಿದರು. ಈ ಸಲ ಎರಡು ಎಳನೀರು. ಹೊಸ ಲೇಖನ ಬಂತು: "ಬಿಳಿಗೆರೆಯಲ್ಲಿ ಕಾಂಡ ಸೋರುವ ರೋಗದ ನಿರ್ಮೂಲನೆ." ಹಳೆಯ ಆಕರಕ್ಕಿಂತ ಹೊಸ ಆಕರವೇ ಊರ್ಜಿತವಾದ್ದರಿಂದ, ಹದಿನೆಂಟು ಮರಗಳಿಗೆಂದು ಸುವರ್ಣಮ್ಮ ಹಾಕಿದ ಎರಡನೇ ಅರ್ಜಿ ತಿರಸ್ಕೃತವಾಯಿತು.

ಮಳೆ ಹಿಡಿಯಿತು. ಒಂದೊಂದೇ ಮರದ ಸುಳಿ ಬಾಗಿತು. ಊರಿನವರು ದಿನಾ ನೋಡುತ್ತಿದ್ದರು, ಆದರೆ ನೋಡಿದೆವು ಎನ್ನುವುದನ್ನು ಬಿಟ್ಟಿದ್ದರು.

ಪಕ್ಕದ ತೋಟದ ಮರುಳಪ್ಪ ಬೇಲಿಯಾಚೆ ನಿಂತು, ಹದಿನೆಂಟನೇ ಮರ ಉರುಳುವುದನ್ನು ಪೂರ್ತಿ ನೋಡಿದ.

"ನಿನ್ನ ಮರಕ್ಕೇನೂ ಆಗಿಲ್ಲ ಬುಡು ಅಕ್ಕ. ವೀರಭದ್ರಯ್ಯ, ಎರಡು ಸಾವಿರದ ಇಪ್ಪತ್ತೈದು" ಎಂದ.

ಸುವರ್ಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಪುಟ ಎಷ್ಟ್ಲಾ?"